ಕುರ್ಚಿ ಸರಿಸುವ ಬಾಯಾರು

ಕಾಂಬಳೆ ಬಾಯಾರು ಯಾರ ಮನೆಗೆ ಹೋದರೂ ನೆಟ್ಟಗೆ ಹೋಗಿ ಕೂತವರಲ್ಲ. ಮೊದಲು ಹೊಸ್ತಿಲಲ್ಲಿ ನಿಂತು, ತುಟಿ ಒಂದು ಕಡೆ ಸೊಟ್ಟ ಮಾಡಿ, ಇಡೀ ಕೋಣೆಯನ್ನು ಕಣ್ಣಲ್ಲೇ ಅಳೆಯುತ್ತಿದ್ದರು. ಆಮೇಲೆ ಮನೆಯವರು ಬಾಯಿ ತೆರೆಯುವುದರೊಳಗೆ ಅಲ್ಲಿದ್ದ ಕುರ್ಚಿಯನ್ನೋ ಟೀಪಾಯಿಯನ್ನೋ ಎತ್ತಿ ಬೇರೆ ಕಡೆ ಇಟ್ಟೇಬಿಡುತ್ತಿದ್ದರು. "ಈಗ ನೋಡ್ರಿ, ಈಗ ಉಸರ ಆಡ್ತೈತಿ ಕೋಣಿ" ಎಂದು ಕೈ ಝಾಡಿಸಿಕೊಳ್ಳುತ್ತಿದ್ದರು. ಮನೆಯವರ ಉಸಿರು ಆಡುತ್ತಿತ್ತೋ ಇಲ್ಲವೋ, ಆ ಮಾತು ಬೇರೆ.

ಅವರು ನಮ್ಮೂರು ಬೈಲಹೊಂಗಲದ ಹೆಣ್ಣುಮಕ್ಕಳ ಕಾಲೇಜಿಗೆ ಕಲಿಸಲು ಬಂದದ್ದು ಎಪ್ಪತ್ತರ ದಶಕದ ನಡುವೆ. ಗೃಹಾಲಂಕಾರದ ಡಿಪ್ಲೊಮಾ ಅಂತ ಎರಡು ವರ್ಷದ ಒಂದು ಹೊಸ ಕೋರ್ಸು ಶುರುವಾಗಿತ್ತು. ಒಳಾಂಗಣ ವಿನ್ಯಾಸ ಅನ್ನುವ ದೊಡ್ಡ ಮಾತು ಆಗ ನಮ್ಮ ಕಡೆ ಯಾರ ಬಾಯಲ್ಲೂ ಇರಲಿಲ್ಲ. ನಮ್ಮಪ್ಪನ ಕಚೇರಿಯ ಗೆಳೆಯರಂತೂ, "ಅಲ್ಲೋ ಮಾರಾಯಾ, ರಂಗೋಲಿ ಹಾಕೂದು ಕಲೀಲಿಕ್ಕೆ ಮಗಳನ್ನ ಕಾಲೇಜಿಗೆ ಕಳಸ್ತೀಯೇನು?" ಎಂದು ನಗುತ್ತಿದ್ದರು. ನಾವೂ ಹಾಗೇ ತಿಳಿದು ಸೇರಿದವರೇ. ಪರದೆಗೆ ಯಾವ ಬಣ್ಣ, ಹೂದಾನಿ ಎಲ್ಲಿ, ಇಷ್ಟೇ ಇದ್ದೀತು, ಆರಾಮ ಪಾಸಾದೇವು ಅಂದುಕೊಂಡಿದ್ದೆವು.

ಮುಂಬಯಿಯಲ್ಲಿ ಕಲಿತು ಬಂದ ಬಾಯಾರು ಮೊದಲ ದಿನವೇ ಆ ಆರಾಮ ತೆಗೆದರು. ಕುಳ್ಳಗೆ, ಗುಂಡಗೆ, ಗರಿಗರಿ ಕಾಟನ್ ಸೀರೆ ಉಟ್ಟು, ಅಳತೆಯ ಟೇಪನ್ನು ಕೊರಳಿಗೆ ಹಾಕಿಕೊಂಡು ಬಂದವರೇ, "ಹೂದಾನಿ ಗೀದಾನಿ ಆಮ್ಯಾಲ. ಮೊದಲ ಹೇಳ್ರಿ, ನಿಮ್ಮ ಮನ್ಯಾಗ ಯಾರು ಎತ್ತರದಾಗ ಕುಂದರತಾರ, ಯಾರು ಕೆಳಗ ಕುಂದರತಾರ, ಯಾರು ಕುಂದರೂದ ಇಲ್ಲ?" ಎಂದು ಕೇಳಿದರು. ನಾವು ಮುಖ ಮುಖ ನೋಡಿಕೊಂಡೆವು. ಕೂರುವುದೇ ಇಲ್ಲದವರ ಹೆಸರು ಹೇಳುತ್ತಾ ಹೋದರೆ ನಮ್ಮೆಲ್ಲರ ಅವ್ವಂದಿರೂ ಬಂದರು.

"ಎತ್ತರದಾಗ ಕುಂತಾವ ಕೇಳತಾನ, ಕೆಳಗ ಕುಂತಾವ ಉತ್ತರಾ ಕೊಡತಾನ. ಇದು ತಿಳೀತು ಅಂದ್ರ ಅರ್ಧಾ ಕೋರ್ಸ್ ಮುಗೀತು" ಎಂದರು ಬಾಯಾರು. ಉಳಿದರ್ಧವನ್ನು ಅವರು ಕಲಿಸಿದ್ದು ಪ್ರಿನ್ಸಿಪಾಲರ ಕುರ್ಚಿಯ ಮೇಲೆ.

ನಮ್ಮ ಪ್ರಿನ್ಸಿಪಾಲರದು ಸಿಂಹಾಸನದಂಥ ಸಾಗವಾನಿ ಕುರ್ಚಿ. ಎದುರಿಗೆ ಬಂದವರಿಗೆ ಗಿಡ್ಡ ಸ್ಟೂಲು. ಹಾಜರಿ ಕಡಿಮೆ ಬಿದ್ದ ಹುಡುಗಿಯರ ಅಪ್ಪಂದಿರು ಬಂದು ಆ ಸ್ಟೂಲಿನ ಮೇಲೆ ಮುದುಡಿ ಕೂತರೆ, ಪ್ರಿನ್ಸಿಪಾಲರು ಮೇಲಿಂದ "ಆಗೂದಿಲ್ಲ" ಅನ್ನುವರು. ಬಂದವರು ಎದ್ದು ಹೋಗುವರು. ದೀಪಾವಳಿ ಸೂಟಿಯಲ್ಲಿ ಬಾಯಾರು ಕುರ್ಚಿಗೆ ಪಾಲಿಶ್ ಮಾಡಿಸುತ್ತೇನೆಂದು ಅದನ್ನು ನಮ್ಮ ಕ್ಲಾಸಿಗೆ ತರಿಸಿದರು. ಪಾಲಿಶ್ ಆಯಿತು. ಅದಕ್ಕೂ ಮೊದಲು ನಮ್ಮ ಕೈಯಲ್ಲೇ ಗರಗಸ ಹಿಡಿಸಿ ನಾಲ್ಕೂ ಕಾಲನ್ನು ಅಷ್ಟಷ್ಟು ಕೊಯ್ಯಿಸಿದರು. ಸ್ಟೂಲಿನ ಕಾಲಿಗೆ ಅಷ್ಟಷ್ಟು ಕಟ್ಟಿಗೆ ಜೋಡಿಸಿದರು. ನಾವು ಬಾಯಿಗೆ ಸೆರಗು ತುರುಕಿಕೊಂಡು ನಕ್ಕೆವು.

ಸೂಟಿ ಮುಗಿದ ಮೇಲೆ ಅಪ್ಪಂದಿರು ಬಂದರು, ಕೂತರು, ಪ್ರಿನ್ಸಿಪಾಲರನ್ನು ಕಣ್ಣಿಗೆ ಕಣ್ಣಿಟ್ಟು ನೋಡಿದರು. "ಯಾಕ ಆಗೂದಿಲ್ರಿ?" ಎಂದು ಕೇಳತೊಡಗಿದರು. ಒಂದು ದಿನ ಪ್ರಿನ್ಸಿಪಾಲರು ನಮ್ಮೆದುರೇ ಬಾಯಾರನ್ನು ಕೇಳಿದರು: "ಕಾಂಬಳೆಬಾಯಿ, ಈಚೀಚೆಗೆ ಮಂದಿ ನನ್ನ ಜೋಡಿ ಭಾಳ ವಾದಾ ಹಾಕ್ಲಿಕ್ಕತ್ತಾರ. ಏನಾಗೇದ ಊರಿಗೆ?"

"ಹವಾ ಬದಲಾಗೈತ್ರಿ ಸರ" ಎಂದರು ಬಾಯಾರು, ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ.

ಹವೆಯ ಗುಟ್ಟು ಬಹಳ ದಿನ ಉಳಿಯಲಿಲ್ಲ. ಬರೆಯಲು ಕೂತರೆ ಮೇಜಿನ ಅಂಚು ಎದೆಗೆ ಬರತೊಡಗಿದಾಗ ಪ್ರಿನ್ಸಿಪಾಲರು ಕುರ್ಚಿ ಮಗುಚಿ ಹಾಕಿ ನೋಡಿದರು. ಬಾಯಾರನ್ನು ಕರೆಸಿ ಬೈದರು. ಇನ್ನೊಂದು ತಕರಾರು, ಒಂದೇ ಒಂದು, ಊರಿನ ಯಾವ ಮನೆಯಿಂದ ಬಂದರೂ ಮುಂದಿನ ವರ್ಷ ಈ ಕೋರ್ಸೂ ಇಲ್ಲ, ನಿಮ್ಮ ನೌಕರಿಯೂ ಇಲ್ಲ ಎಂದು ಖಡಾಖಂಡಿತ ಹೇಳಿದರು. ಬಾಯಾರು ಹೊರಗೆ ಬಂದು ನಮಗೆ ಹೇಳಿದ್ದು ಇಷ್ಟೇ: "ಕುರ್ಚಿ ಕೊಯ್ಯೂಮುಂದ ಮೇಜಿನ ಅಳತಿ ತಗೊಳ್ಳಿಲ್ಲ ನಾವು. ದಡ್ಡರು!"

ಅವರ ಜೊತೆ ಊರೂರು ತಿರುಗುವುದೇ ಒಂದು ಮಜಾ. ಕಿತ್ತೂರಿನ ಕೋಟೆಯಲ್ಲಿ ಬರೀ ಗೋಡೆ ಉಳಿದ ಕೋಣೆಗಳಲ್ಲಿ ನಿಲ್ಲಿಸಿ, "ಒಲಿ ಎಲ್ಲಿತ್ತು ಹೇಳ್ರಿ, ಹೊಗಿ ಎಲ್ಲಿಂದ ಹೋಗತಿತ್ತು?" ಎಂದು ಜೀವ ತಿಂದರು. ನವಿಲುತೀರ್ಥದಲ್ಲಿ ಡ್ಯಾಮಿನ ನೌಕರರ ಸರಕಾರಿ ಮನೆಗಳಿಗೆ ಕರೆದುಕೊಂಡು ಹೋದರು. ಎಲ್ಲ ಮನೆಯೂ ಒಂದೇ ಅಚ್ಚು. ಒಂದು ಮನೆಯ ಹೊಸ್ತಿಲಲ್ಲಿ ನಿಂತವರೇ ನಮ್ಮ ಕಿವಿಯಲ್ಲಿ, "ಇಲ್ಲಿ ಅತ್ತಿ ಗೆದ್ದಾಳ. ಆಕಿ ಕುರ್ಚಿ ನೋಡ್ರಿ, ಅಡಗಿಮನಿ ಬಾಗಲಕ್ಕ ಮುಖಾ ಮಾಡೈತಿ" ಎಂದರು. ಚಹಾ ತಂದ ಸೊಸೆಗೆ ಅದು ಕೇಳಿಸಿತು. ಆಕೆ ಹಿತ್ತಲಲ್ಲಿ ಬಾಯಾರ ಕೈ ಹಿಡಿದು, "ಇದಕ್ಕೇನರ ಉಪಾಯ ಐತೇನ್ರಿ?" ಎಂದಳು. "ಕುರ್ಚಿ ತಲಬಾಗಲಿಗೆ ಹಾಕವಾ. ರಸ್ತಾದಾಗಿನ ಮಂದಿ ನೋಡಕೋತ ನಿನ್ನ ಮರೀತಾಳ ಮುದುಕಿ" ಎಂದರು ಬಾಯಾರು. ವಾಪಸು ಬರುವಾಗ ಮುನವಳ್ಳಿ ದಾಟುವವರೆಗೂ ನಮ್ಮ ನಗು ನಿಲ್ಲಲಿಲ್ಲ.

ಬಸ್ಸಿನಲ್ಲಿ ಅವರ ಪಕ್ಕ ಕೂತಿದ್ದ ನಾನು, ಸಲಿಗೆಯಿಂದ, "ಬಾಯಾರ, ನೀವ್ಯಾಕ ಹೋದಲ್ಲೆಲ್ಲಾ ಮೊದಲ ಕುರ್ಚಿ ಸರಸ್ತೀರಿ?" ಎಂದು ಕೇಳಿದೆ.

ಅವರು ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದರು: "ಕುಂದರ್ರಿ ಅಂತಾರೋ ಇಲ್ಲೋ ಅಂತ ಕಾಯಕೋತ ನಿಲ್ಲೂದಕ್ಕಿಂತ ಅದು ಚಲೋ ಅಲ್ಲೇನ? ಕೈಯಾಗ ಕೆಲಸ ಇದ್ದಾಕಿನ್ನ ಯಾಕ ನಿಂತೀದಿ ಅಂತ ಯಾರೂ ಕೇಳೂದಿಲ್ಲ." ಅಷ್ಟು ಹೇಳಿ ನನ್ನ ಜಡೆ ಎಳೆದು ನಕ್ಕರು. ನಮ್ಮೂರಿನ ಎಷ್ಟು ಮನೆಗಳಲ್ಲಿ ಜಾತಿ ನೋಡಿ ಅವರನ್ನು ಒಳಗೆ ಕೂರಿಸಲಾರರು ಎಂಬುದು ನನಗೆ ಗೊತ್ತಿತ್ತು. ಅದರಲ್ಲಿ ನಮ್ಮ ಮನೆಯೂ ಒಂದು. ನನಗೆ ನಗಲಿಕ್ಕಾಗಲಿಲ್ಲ.

ಕೊನೆಯ ಪರೀಕ್ಷೆಗೆ ಮೂರು ತಿಂಗಳಿರುವಾಗ ನನ್ನ ಪಾಳಿ ಬಂತು. ರಾಮದುರ್ಗದ ವಕೀಲರೊಬ್ಬರು ಮಗನಿಗೆ ಹೆಣ್ಣು ನೋಡಲು ಬರುತ್ತಾರೆ, ಒಪ್ಪಿಗೆಯಾದರೆ ಮುಂದಿನ ಮುಹೂರ್ತಕ್ಕೇ ಮದುವೆ, ಓದು ಅಲ್ಲಿಗೆ ಬಂದ್ ಎಂದು ಮನೆಯಲ್ಲಿ ಮಾತಾಯಿತು. ಅಪ್ಪನಿಗೆ ಮನಸ್ಸಿರಲಿಲ್ಲ, ಆದರೆ ಎದುರಾಡುವ ಜಾಯಮಾನ ಅವನದಲ್ಲ. ಅಜ್ಜಿಗೆ ಆ ಮನೆತನ ಬೇಕೇಬೇಕಿತ್ತು. ನಾನು ಕಾಲೇಜಿನಲ್ಲಿ ಹೋ ಎಂದು ಅತ್ತೆ. ನನಗೆ ಆ ಹುಡುಗ ಬೇಡ ಅಂತೇನಲ್ಲ, ಅವನ ಮುಖವನ್ನೇ ನೋಡಿರಲಿಲ್ಲ. ನನಗೆ ಪರೀಕ್ಷೆ ಬೇಕಿತ್ತು, ಅಷ್ಟೇ.

ಬಾಯಾರು ಸಮಾಧಾನ ಹೇಳುವ ಪೈಕಿ ಅಲ್ಲ. "ನಿಮ್ಮ ಪಡಸಾಲಿ ನಕ್ಷಾ ತಗಿ" ಎಂದರು. ನಮ್ಮಲ್ಲಿ ಹೆಣ್ಣು ನೋಡುವ ಪದ್ಧತಿ ಗೊತ್ತಲ್ಲ? ವರನ ಕಡೆಯವರು ಗಾದಿಯ ಮೇಲೆ ಲೋಡಿಗೆ ಒರಗಿ ಕೂರುತ್ತಾರೆ. ಹುಡುಗಿ ನಡುವೆ ಮಣೆಯ ಮೇಲೆ ತಲೆ ತಗ್ಗಿಸಿ ಕೂರುತ್ತಾಳೆ. ಹುಡುಗಿಯ ಅಪ್ಪ ಕಂಬದ ಹತ್ತಿರ ಕೈ ಕಟ್ಟಿ ನಿಂತಿರುತ್ತಾನೆ. ನಕ್ಷೆಯಲ್ಲಿ ನಾನು ಇದನ್ನೆಲ್ಲ ಗುರುತು ಮಾಡಿದೆ. ಬಾಯಾರು ರಬ್ಬರು ತೆಗೆದುಕೊಂಡು ಗಾದಿ, ಲೋಡು, ಮಣೆ ಎಲ್ಲ ಅಳಿಸಿದರು. "ಶಾಮಿಯಾನದ ಅಂಗಡ್ಯಾಗಿನ ಮಡಚೂ ಕುರ್ಚಿ ತರಸು. ಎಲ್ಲಾ ಒಂದ ಎತ್ತರ. ದುಂಡಗ ಹಾಕು. ಒಂದು ಕುರ್ಚಿ ಹೆಚ್ಚಿಗಿ ಇಡು."

"ಅದು ಯಾರಿಗ್ರಿ?"

"ಖಾಲಿ ಕುರ್ಚಿ ಯಾರನ್ನರ ಕರಕೋತೈತಿ. ಮುಂದ ನಿನ್ನ ಬಾಯಿ, ನಿನ್ನ ನಸೀಬ."

"ಬ್ಯಾಡ್ರಿ ಬಾಯಾರ. ಆ ವಕೀಲರು ಹೋಗಿ ಪ್ರಿನ್ಸಿಪಾಲರಿಗೆ ಹೇಳಿದ್ರ?"

"ನಿನ್ನ ಪಡಸಾಲಿ ನೀ ನೋಡಕೋ. ನನ್ನ ನೌಕರಿ ನಾ ನೋಡಕೋತೇನಿ" ಎಂದು ಟೇಪನ್ನು ಕೊರಳಿಗೆ ಹಾಕಿಕೊಂಡು ಎದ್ದರು.

ಆದರೆ ಅಜ್ಜಿ ಗಾದಿ ತೆಗೆಯಲು ಬಿಡಬೇಕಲ್ಲ? ಅದಕ್ಕೆ ಬಾಯಾರು ಖುದ್ದು ಬಂದರು. ಅಜ್ಜಿ ಒಳಗಿನಿಂದಲೇ, "ಅಲ್ಲೇ ಕಟ್ಟೀ ಮ್ಯಾಲೆ ಕೂಡ್ರಿ" ಎಂದಳು. ಬಾಯಾರು ಕೂರಲಿಲ್ಲ. ಕಟ್ಟೆಯಿಂದಲೇ ಕುತ್ತಿಗೆ ಚಾಚಿ ಪಡಸಾಲೆ ನೋಡಿದರು, ಬೆಚ್ಚಿಬಿದ್ದವರಂತೆ ಎದೆ ಮುಟ್ಟಿಕೊಂಡರು. "ಅಗಬಾಯಿ! ಅಜ್ಜೀ, ಗಾದ್ಯಾಗಿಂದ ಒಂದು ತಿಗಣಿ ಹೊಂಟು ಗ್ವಾಡಿ ಏರಾಕ ಹತ್ತೈತಿ."

"ನಮ್ಮ ಮನ್ಯಾಗ ತಿಗಣಿ? ಶಕ್ಯನೇ ಇಲ್ಲ!" ಅಜ್ಜಿ ಕೆಂಡವಾದಳು.

"ಇರಲಿಕ್ಕಿಲ್ರಿ. ನಾ ದೂರ ನಿಂತೇನಿ, ನನಗೇನ ಕಾಣತೈತಿ. ಆದ್ರ ರಾಮದುರ್ಗದ ಮಂದಿ ಕೆರಕೋತ ಎದ್ದು ಹೋದ್ರ, ಊರತುಂಬ ಹೇಳಕೋತ ಅಡ್ಡಾಡತಾರ ನೋಡ್ರಿ."

ಅವರು ಬೀದಿಯ ತಿರುವು ದಾಟುವಷ್ಟರಲ್ಲಿ ಗಾದಿ, ಲೋಡು, ಜಮಖಾನ ಎಲ್ಲ ಮಾಳಿಗೆಯ ಮೇಲೆ ಬಿಸಿಲಿಗೆ ಬಿದ್ದಿದ್ದವು. ಶಾಮಿಯಾನದ ಕುರ್ಚಿ ಬಂದಾಗ ಓಣಿಯವರೆಲ್ಲ ಮದುವೆ ಗಟ್ಟಿಯೇ ಆಯಿತೆಂದುಕೊಂಡರು.

ವಕೀಲರು ಬಂದರು. ಲೋಡು ಹುಡುಕಿದರು, ಸಿಗಲಿಲ್ಲ. ಕಬ್ಬಿಣದ ಕುರ್ಚಿಯ ಮೇಲೆ ಅಂಗಡಿಯ ಗಿರಾಕಿಯ ಹಾಗೆ ಕೂತರು. ಹುಡುಗ ನನ್ನ ಎದುರಿಗೆ ಬರುವ ಬದಲು ನನ್ನ ಪಕ್ಕಕ್ಕೆ ಬಂದ, ಪಾಪ, ನೋಡಲು ಬಂದವನಿಗೆ ನೋಡುವುದೇ ಕಷ್ಟವಾಯಿತು. ಅಪ್ಪನಿಗೆ ಕೈ ಕಟ್ಟಿ ನಿಲ್ಲಲು ಜಾಗವಿಲ್ಲದೆ ಅವನೂ ಕೂತ. ತೊಂದರೆಯಾದದ್ದು ವಕೀಲರ ಹೆಂಡತಿಗೆ. ಒಂದು ಕಡೆ ಗಂಡ, ಇನ್ನೊಂದು ಕಡೆ ಖಾಲಿ ಕುರ್ಚಿ, ಅದರಾಚೆ ನಮ್ಮಪ್ಪ. ಆಕೆ ಅಡುಗೆಮನೆ ಬಾಗಿಲಲ್ಲಿ ಅಜ್ಜಿಯ ನೆರಳು ಕಂಡು, "ಗಂಡಸರ ನಡುವ ನನಗೊಬ್ಬಾಕಿಗೆ ಸಂಕೋಚ ಆಗ್ತದ. ಬರ್ರಿ, ಇಲ್ಲಿ ಬಂದು ಕೂಡ್ರಿ" ಎಂದರು. ಅಜ್ಜ ತೀರಿಕೊಂಡ ಮೇಲೆ ಅಜ್ಜಿ ಶುಭಕಾರ್ಯದ ಹೊತ್ತಿನಲ್ಲಿ ಪಡಸಾಲೆಗೆ ಕಾಲಿಟ್ಟವಳಲ್ಲ. ಆದರೆ ಮನೆಗೆ ಬಂದವರು ಸಂಕೋಚ ಅಂದಮೇಲೆ ಏನು ಮಾಡುತ್ತಾಳೆ? ಬಂದಳು, ಕೂತಳು.

ಅವ್ವ ಒಲೆಯ ಮುಂದಿನಿಂದಲೇ ಕಳಿಸಿದ ಶಿರಾ, ಉಪ್ಪಿಟ್ಟು ಮುಗಿದವು. ವಕೀಲರು ಗಂಟಲು ಸರಿ ಮಾಡಿಕೊಂಡರು. "ಹುಡುಗಿ ಅಡ್ಡಿಯಿಲ್ಲ. ಬರೂ ಮುಹೂರ್ತಕ್ಕ ಮುಗಿಸಿಬಿಡೋಣ. ಓದು ಗೀದು ಇನ್ನ ಸಾಕು" ಎಂದು ಒರಗಲು ಹೋದರು. ಒರಗಲು ಲೋಡಿರಲಿಲ್ಲ, ಮೊಳಕೈ ಗಾಳಿಯಲ್ಲಿ ಜಾರಿತು. ಅಪ್ಪ "ಆಗಲಿ" ಅನ್ನಬೇಕಾದ ಹೊತ್ತು ಅದು. ಅಪ್ಪ ನನ್ನ ಕಡೆ ನೋಡಿದ. ಎಲ್ಲರೂ ನೋಡಿದರು. ನಾನು ತಲೆ ಎತ್ತಿದೆ.

"ನನ್ನ ಪರೀಕ್ಷಾ ಮುಗೀಲಿ. ಆಮ್ಯಾಲೆ ನೋಡೋಣ" ಎಂದೆ.

"ಇದೇನು, ಹುಡುಗಿನೇ ಮಾತಾಡ್ತಾಳಲ್ಲ?" ವಕೀಲರು ಅಪ್ಪನನ್ನು ಕೇಳಿದರು.

ಉತ್ತರ ಕೊಟ್ಟಿದ್ದು ಅಜ್ಜಿ. "ಆಕೀ ಪರೀಕ್ಷಾ, ಆಕೀನೇ ಮಾತಾಡ್ಬೇಕಲ್ಲ. ಎರಡು ವರ್ಷ ಓದ್ಯಾಳ. ಒಲೀ ಮ್ಯಾಲಿನ ಅನ್ನಾ ಅರ್ಧಾ ಬೆಂದಾಗ ಯಾರರ ಇಳಸ್ತಾರೇನು? ನಿಮಗ ಅವಸರಾ ಇದ್ರ ಬ್ಯಾರೆ ಕಡೆ ನೋಡ್ರಿ."

ನಾನಂತೂ ದಂಗಾಗಿ ಹೋದೆ. ಆ ಮನೆತನ ಬೇಕೇಬೇಕು ಎಂದು ಕೂತಿದ್ದವಳೇ ಅವಳು! ರಾತ್ರಿ ಊಟಕ್ಕೆ ಕೂತಾಗ ಕೇಳಿದರೆ, "ಏನೋ ಮಾರಾಯ್ತಿ, ನಾಲ್ಕು ಮಂದ್ಯಾಗ ಕೂತಿದ್ನೆಲ್ಲಾ, ಬಾಯಿ ತಾನ ಬಂತು" ಎಂದು ನಕ್ಕಳು. ಅಜ್ಜಿ ಹಾಗೆ ಹುಡುಗಿಯಂತೆ ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಸಂಬಂಧ ಮುರಿಯಿತು. ನಾನು ಪರೀಕ್ಷೆಗೆ ಕೂತೆ, ಪಾಸೂ ಆದೆ. ಆದರೆ ವಕೀಲರು ಸುಮ್ಮನಿರಲಿಲ್ಲ. "ಹೆಣ್ಣು ತೋರಸ್ತೀವಂತ ಕರದು ಪಂಚಾಯ್ತಿ ಕೂಡಿಸ್ಯಾರ. ನಿಮ್ಮ ಕೋರ್ಸಿನ್ಯಾಗ ಇದನ್ನೇ ಕಲಸ್ತೀರೇನು?" ಎಂದು ಪ್ರಿನ್ಸಿಪಾಲರ ಮುಂದೆ ಕೂತು ತಕರಾರು ಮಾಡಿದರು. ಊರಿಗೂ ಸುದ್ದಿ ಹಬ್ಬಿತು. ಆ ಕೋರ್ಸಿಗೆ ಹಾಕಿದರೆ ಮನೆಯ ಮುದುಕಿ ಸುದ್ದಾ ಮಾತಾಡಲು ಶುರು ಮಾಡುತ್ತಾಳೆಂದು ಜೂನ್ ತಿಂಗಳಲ್ಲಿ ಒಬ್ಬ ಹುಡುಗಿಯನ್ನೂ ಯಾರೂ ಕಳಿಸಲಿಲ್ಲ. ಕೋರ್ಸು ಮುಚ್ಚಿತು, ಬಾಯಾರ ನೌಕರಿ ಹೋಯಿತು.

ಅವರು ಮುಂಬಯಿಗೆ ಹೊರಟ ದಿನ ಅವರ ಕೋಣೆಗೆ ಹೋದೆ. ಅದೇ ಮೊದಲು, ಅದೇ ಕೊನೆ. ಸೈಕಲ್ ಅಂಗಡಿಯ ಮೇಲಿನ ಒಂದೇ ಕೋಣೆ. ಒಳಗೆ ಕಾಲಿಟ್ಟು ನಾನು ನಿಂತುಬಿಟ್ಟೆ. ಕೋಣೆಯ ನಟ್ಟನಡುವೆ ದೊಡ್ಡದೊಂದು ಕಬ್ಬಿಣದ ಮಂಚ, ಅಡ್ಡಾಡಲು ಜಾಗವಿಲ್ಲ. ಇದು ಬಾಯಾರ ಕೋಣೆಯೇ?

"ಮಾಲಕರ ಮಂಚ. ಇಲ್ಲಿಂದು ಏನೂ ಅಳಗಾಡಸಬಾರದು ಅಂತ ಮಾತಾಗಿತ್ತು" ಎಂದರು ಬಾಯಾರು. "ಊರಾಗ ನನಗ ಕೋಣಿ ಕೊಟ್ಟಾವ ಇವನೊಬ್ಬನ. ಹೂಂ ಅಂದೆ."

ಅಜ್ಜಿ ಕಳಿಸಿದ್ದ ಶೇಂಗಾ ಹೋಳಿಗೆಯ ಡಬ್ಬಿ ಕೊಟ್ಟು, ಡಬ್ಬಿ ತಿರುಗಿ ಕೊಡುವುದು ಬೇಡವಂತೆ ಎಂದೆ. ಬಾಯಾರು ಹುಬ್ಬೇರಿಸಿದರು. "ಇದು ಪ್ರೀತಿನೋ, ಮಡಿನೋ?" ಅವರು ಒಂದು ಹೋಳಿಗೆ ಮುರಿದು ಬಾಯಿಗೆ ಹಾಕಿಕೊಂಡು, "ಪ್ರೀತಿನ ಇರಬೇಕು. ತುಪ್ಪಾ ಭಾಳ ಐತಿ" ಎಂದರು.

ನಾನು ಅಳತೊಡಗಿದೆ. ನನ್ನ ಒಂದು ಪರೀಕ್ಷೆಗಾಗಿ ನಿಮ್ಮ ನೌಕರಿ ಹೋಯಿತಲ್ಲ ಅಂದೆ. "ಸಾಕ ಬಿಡು, ಒಬ್ಬಾಕಿ ಮುಗಿಸಿದೆಲ್ಲ" ಎಂದು ಎದ್ದು ಮಂಚದ ಒಂದು ಕಡೆ ಹಿಡಿದರು. "ಆ ಕಡೆ ಹಿಡಿ. ಕಿಡಕಿಗೆ ಹಚ್ಚೋಣು."

ಹಿಡಿದೆ. ಮಂಚ ಕಿರ್ರೋ ಎಂದು ಊರಿಗೇ ಕೇಳುವ ಹಾಗೆ ಸರಿಯಿತು. ಕಿಟಕಿಯಿಂದ ತಂಪು ಗಾಳಿ ನುಗ್ಗಿತು. ಬಾಯಾರು ಚಪ್ಪಲಿ ಬಿಟ್ಟು ಅದರ ಮೇಲೆ ಉದ್ದಕ್ಕೆ ಮಲಗಿದರು. "ಎವ್ವಾ, ಏನ ಗಾಳಿ! ಬಸ್ಸಿಗೆ ಇನ್ನೂ ತಾಸೈತಿ, ಒಂದೀಟು ನಿದ್ದಿ ಮಾಡತೇನಿ. ನೀ ಬಾಗಲಾ ಕಾಯಿ" ಎಂದು ಕಣ್ಣು ಮುಚ್ಚಿದರು.

ಕೆಳಗಿನಿಂದ ಮಾಲಕರು, "ಏನದು ಸಪ್ಪಳಾ? ಮಂಚಾ ಯಾರು ಮುಟ್ಟಿದ್ರು?" ಎಂದು ಕೂಗುತ್ತ ಮೆಟ್ಟಿಲು ಹತ್ತಿ ಬಂದರು. ನಾನು ಬಾಗಿಲಿಗೆ ಅಡ್ಡ ನಿಂತೆ.

"ಬಾಯಾರು ಮಲಗ್ಯಾರ. ಈಗ ಬರಬ್ಯಾಡ್ರಿ" ಎಂದೆ.

ಮಾಲಕರು ನನ್ನ ಮುಖ ನೋಡಿದರು. ಆಮೇಲೆ ಮೆಟ್ಟಿಲು ಸಪ್ಪಳವಾಗದಂತೆ ಕೆಳಗಿಳಿದು ಹೋದರು.