ಬಸಮ್ಮನವರ ಜಾಕಿಗೆ ಹಸಿಮಾಂಸ

ಬಸಮ್ಮನವರ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುವ ಮಾತು ‘ಸಾಕಾಗ್ಬುಟ್ಟೈತೆ’. ಒಲೆ ಹಚ್ಚುವಾಗಲೂ ಅದೇ, ಮುದ್ದೆ ತೊಳಸುವಾಗಲೂ ಅದೇ. ಮಾರನಹಳ್ಳಿ ಹತ್ತಿರದ ಈ ಎಸ್ಟೇಟಿಗೆ ನಾನು ಲೆಕ್ಕ ಬರೆಯುವ ರೈಟರ್ ಆಗಿ ಬಂದು ಹದಿನಾಲ್ಕು ವರ್ಷವಾಯಿತು. ಬಂಗಲೆಯ ಅಡುಗೆಮನೆಗೆ ಅವರು ಬಂದು ಇಪ್ಪತ್ತೆರಡು. ಸಾಕಾಯಿತು ಎನ್ನುವವರು ಯಾವತ್ತಾದರೂ ಸಾಕು ಮಾಡಿ ಕೂರಬೇಕಲ್ಲ, ಅದನ್ನು ಮಾತ್ರ ನಾನು ಕಂಡಿರಲಿಲ್ಲ.

ಹುಟ್ಟಿದ್ದು ಕೆ. ಹೊಸಕೋಟೆ ಕಡೆ, ಕೊಟ್ಟಿದ್ದು ಬಾಳ್ಳುಪೇಟೆಗೆ. ಗಂಡ ಬೇಗ ತೀರಿಕೊಂಡರು, ಮಕ್ಕಳಿಲ್ಲ. ಆಗ ಬಂಗಲೆಯ ಹಿರಿಯ ಯಜಮಾನಿ ಗಂಗಾಮಣಿಯವರು ಅಡುಗೆಗೆ ಕರೆದರು. ಬಸಮ್ಮ ಲಿಂಗವಂತರು, ಎದೆಯ ಮೇಲೆ ಲಿಂಗ ಇರುವ ಹೆಂಗಸು. ಬೆಳಿಗ್ಗೆ ಸ್ನಾನ ಮಾಡಿ, ಅಂಗೈಯಲ್ಲಿ ಲಿಂಗವಿಟ್ಟು ಪೂಜಿಸದೆ ಒಂದು ತೊಟ್ಟು ಕಾಫಿಯನ್ನೂ ಕುಡಿಯುವವರಲ್ಲ. ಮಾಂಸದ ಪಾತ್ರೆಯನ್ನೂ ಮುಟ್ಟುವುದಿಲ್ಲ ಎಂದು ಮೊದಲ ದಿನವೇ ಹೇಳಿದ್ದರು. ಗಂಗಾಮಣಿಯವರು ಒಪ್ಪಿ, ಮಾಂಸದಡುಗೆಯನ್ನು ಹೊರಗಿನ ಶೆಡ್ಡಿಗೆ ಹಾಕಿಸಿ ಬಂಗಲೆಯ ಆಳು ಧರ್ಮನಿಗೆ ವಹಿಸಿದರು. ಆ ಮಾತು ಅವರ ಕಾಲದ ನಂತರವೂ ಮುರಿದಿರಲಿಲ್ಲ.

ಹನ್ನೊಂದು ವರ್ಷದ ಹಿಂದೆ ಜಾಕಿ ಮರಿಯಾಗಿ ಬಂದಾಗ, ಅದಕ್ಕೂ ಅದೇ ಕಾನೂನು. ಬಸಮ್ಮನ ಅಡುಗೆಮನೆ ಬಾಗಿಲಲ್ಲಿ ಗೋಣಿಚೀಲದ ಮೇಲೆ ಮಲಗುವ ನಾಯಿ ಮೂಳೆ ಕಚ್ಚುವ ಹಾಗಿಲ್ಲ. ಮರಿ ಕೂಲಿಯವರ ಲೈನುಮನೆಗಳ ಕಡೆಯಿಂದ ಕೋಳಿಮೂಳೆ ಕಚ್ಚಿ ತಂದ ದಿನ, ಬಸಮ್ಮ “ಥೂ” ಎಂದು ಬಾಯಿಂದ ಬಿಡಿಸಿ, ಬಚ್ಚಲಮನೆ ಹಿಂದಿನ ಬಟ್ಟೆ ಒಗೆಯುವ ಕಲ್ಲಿಗೆ ಎಳೆದೊಯ್ದು, ತಲೆಯಿಂದ ಬಾಲದವರೆಗೆ ತಣ್ಣೀರು ಹೊಯ್ದರು. ಹೀಗೆ ಐದಾರು ಸಲ ಆಯಿತು. ನಮ್ಮ ಮಲೆ ಸೀಮೆಯ ತಣ್ಣೀರು ನಾಯಿಗೂ ಬುದ್ಧಿ ಕಲಿಸುತ್ತದೆ. ಆಮೇಲೆ ಜಾಕಿ ಮುದ್ದೆ, ಮೊಸರನ್ನ ತಿಂದುಕೊಂಡು ಎಮ್ಮೆಕರುವಿನ ಹಾಗೆ ಬೆಳೆಯಿತು. ನಿಮ್ಮ ನಾಯಿಗೂ ದೀಕ್ಷೆ ಆಗಿದೆ ಎಂದು ನಾನೇ ಎಷ್ಟೋ ಸಲ ಛೇಡಿಸಿದ್ದೇನೆ.

ಈ ವರ್ಷ ಮಳೆ ಮುಗಿಯುವ ಹೊತ್ತಿಗೆ ಜಾಕಿ ಮೈ ಕೆರೆದುಕೊಳ್ಳಲು ಶುರುಮಾಡಿತು. ಕೂದಲು ಉದುರಿ, ಕಿವಿಯ ಹಿಂದೆ ಹುಣ್ಣಾಯಿತು. ಬಂಗಲೆಯ ಸೊಸೆ ದೀಪಶ್ರೀ ಸಕಲೇಶಪುರದ ಡಾಕ್ಟರಿಗೆ ತೋರಿಸಿದರು. ಮುದ್ದೆ, ಅನ್ನ, ಮೊಸರು ಮೈಗೆ ಒಗ್ಗುತ್ತಿಲ್ಲ, ನಿಲ್ಲಿಸಿ, ಸ್ವಲ್ಪ ದಿನ ಹಸಿಮಾಂಸ ಕೊಟ್ಟು ನೋಡಿ ಎಂದರಂತೆ. ತರುವ ಕೆಲಸ ನನ್ನ ತಲೆಗೆ ಬಂತು. ದಿನ ಬಿಟ್ಟು ದಿನ ಬೈಕಿನಲ್ಲಿ ಬಾಳ್ಳುಪೇಟೆಗೆ ಹೋಗಿ, ಲಾರಿಗಳ ಹೊಗೆ ಕುಡಿದು, ಕೋಳಿಕತ್ತು, ಲಿವರ್ ಹೊತ್ತು ತರಬೇಕು. ಕಾಫಿ ಕೊಯ್ಲಿನ ಹೊತ್ತಿನಲ್ಲಿ ರೈಟರಿಗೆ ಇದೊಂದು ಕಡಿಮೆಯಿತ್ತು ನೋಡಿ.

ಇಷ್ಟಾದರೂ ಜಾಕಿ ತಿನ್ನಲಿಲ್ಲ. ಧರ್ಮ ತಟ್ಟೆ ಇಟ್ಟರೆ ಮೂಸುತ್ತದೆ, ಜೊಲ್ಲು ಸುರಿಸುತ್ತದೆ, ಅಡುಗೆಮನೆ ಬಾಗಿಲ ಕಡೆ ನೋಡುತ್ತದೆ, ದೂರ ಹೋಗಿ ಮಲಗುತ್ತದೆ. ಬೇಯಿಸಿ ಇಟ್ಟರೂ ಅಷ್ಟೆ. ಮೂರನೆಯ ದಿನ ಬಸಮ್ಮ ತಡೆಯಲಾರದೆ ಯಾರಿಗೂ ಹೇಳದೆ ಮುದ್ದೆ, ಮೊಸರು ಕಲಸಿ ಹಾಕಿದರು. ಜಾಕಿ ಗಬಗಬ ತಿಂದಿತು. ಬೆಳಗಾಗುವಷ್ಟರಲ್ಲಿ ಕೆರೆದು ಕೆರೆದು ಕಿವಿಯಿಂದ ರಕ್ತ ಸೋರುತ್ತಿತ್ತು. ಬಸಮ್ಮ ತಾವೇ ಹೋಗಿ ದೀಪಶ್ರೀ ಮುಂದೆ ತಪ್ಪು ಒಪ್ಪಿಕೊಂಡು ಬಂದರು.

ಐದನೆಯ ದಿನ ಜಾಕಿಗೆ ಎದ್ದು ನಿಲ್ಲುವ ಶಕ್ತಿ ಇರಲಿಲ್ಲ. ಹೀಗೇ ಆದರೆ ವಾರ ಕಳೆಯುವುದಿಲ್ಲ ಎಂದು ಡಾಕ್ಟರು ಫೋನಿನಲ್ಲಿ ಹೇಳಿದ್ದರು. ಅಂಗಳದಲ್ಲಿ ಎಲ್ಲರೂ ಜಾಕಿಯ ಸುತ್ತ ನಿಂತಿದ್ದೆವು. ನನ್ನ ಬಾಯಿ ಸುಮ್ಮನಿರಬೇಕಲ್ಲ, ದೀಕ್ಷೆ ಕೊಟ್ಟ ಗುರು ಅಪ್ಪಣೆ ಕೊಡದೆ ಶಿಷ್ಯ ಹೇಗೆ ತಿಂದಾನು ಎಂದುಬಿಟ್ಟೆ. ಬಸಮ್ಮ ನನ್ನನ್ನು ನೋಡಿದರು. ಆಮೇಲೆ ನಾಯಿಯನ್ನು ನೋಡಿದರು. ಅದು ಅವರನ್ನೇ ನೋಡುತ್ತಿತ್ತು.

“ನಂದೇ ತಪ್ಪು ಕಣ್ರೀ ರೈಟ್ರೇ,” ಅಂದರು. “ನಾನೇ ಕಲಿಸ್ಬುಟ್ಟೆ.”

ಎದೆಯ ಮೇಲಿದ್ದ ಲಿಂಗದ ಕರಡಿಗೆಯನ್ನು ಬೆನ್ನಿಗೆ ಸರಿಸಿ, ಸೆರಗು ಸಿಕ್ಕಿಸಿಕೊಂಡು ಅವರು ತಟ್ಟೆಯ ಕಡೆ ಹೊರಟಾಗ ದೀಪಶ್ರೀ ಅಡ್ಡ ಬಂದರು. ನೀವು ಮುಟ್ಟಬೇಡಿ, ಡ್ರಿಪ್ಸ್ ಹಾಕಿಸೋಣ ಎಂದರು.

“ಇಪ್ಪತ್ತೆರಡು ವರ್ಷ ಮುಟ್ಟಿಲ್ಲ ಕಣವ್ವ. ಆದ್ರೆ ಬಾಗ್ಲಲ್ಲಿ ಒಂದು ಜೀವ ನನ್ ಮಾತಿಗೆ ಕಟ್ಟುಬಿದ್ದು ಹಸ್ಕೊಂಡು ಸಾಯ್ತಿದ್ರೆ, ನಾನು ಒಳಗೆ ಕೂತು ಎಂಥಾ ಪೂಜೆ ಮಾಡ್ಲಿ?”

ಲಿವರಿನ ಒಂದು ತುಂಡನ್ನು ಅಂಗೈಯಲ್ಲಿಟ್ಟು ಜಾಕಿಯ ಮೂತಿಗೆ ಹಿಡಿದರು. “ತಿನ್ನಪ್ಪ. ನಾನೇ ಹೇಳ್ತಾವ್ನಿ, ತಿನ್ನು.” ಜಾಕಿ ತುಂಡನ್ನು ನೋಡಿತು, ಅವರ ಮುಖ ನೋಡಿತು. ಬೈಗುಳ ಬರಲಿಲ್ಲ. ನಾಲಗೆ ಚಾಚಿ ಮೆಲ್ಲಗೆ ಎತ್ತಿಕೊಂಡಿತು. ಹತ್ತು ನಿಮಿಷದಲ್ಲಿ ತಟ್ಟೆ ಖಾಲಿಯಾಯಿತು. ದೀಪಶ್ರೀ ಅಳುತ್ತಿದ್ದರು. ಬಸಮ್ಮ ಮಾತ್ರ ಕೈಯನ್ನು ಮೈಗೆ ತಾಗದಂತೆ ದೂರ ಹಿಡಿದು, ಸಾಕಾಗ್ಬುಟ್ಟೈತೆ ಎಂದು ಗೊಣಗುತ್ತ ಬಿಸಿನೀರು ಕೇಳಿದರು.

ನಾನು ಬಿಂದಿಗೆಯಲ್ಲಿ ನೀರು, ಜೊತೆಗೊಂದು ಚೊಂಬು ತರುವಷ್ಟರಲ್ಲಿ ಜಾಕಿ ಅಂಗಳದಲ್ಲಿರಲಿಲ್ಲ. ಹುಡುಕಿದರೆ ಬಚ್ಚಲಮನೆ ಹಿಂದೆ ಇತ್ತು. ಎದ್ದು ನಿಲ್ಲಲಾರದ ನಾಯಿ ಅಲ್ಲಿವರೆಗೆ ಹೇಗೆ ತೆವಳಿತೋ ಕಾಣೆ. ಆ ಬಟ್ಟೆ ಒಗೆಯುವ ಕಲ್ಲಿನ ಮೇಲೆ, ಕಿವಿ ಇಳಿಬಿಟ್ಟು, ಕಣ್ಣು ಮುಚ್ಚಿಕೊಂಡು, ತಣ್ಣೀರಿಗೆ ಕಾಯುತ್ತ ಮಲಗಿತ್ತು.

ಬಸಮ್ಮ ನನ್ನ ಹಿಂದೆಯೇ ಬಂದು ನೋಡಿದರು. ಆಮೇಲೆ ಕಲ್ಲಿನ ಮೇಲೆ ಜಾಕಿಯ ಪಕ್ಕದಲ್ಲಿ ಕೂತರು.

“ಏಳೋ,” ಅಂದರು. “ಇನ್ಮೇಲೆ ಸ್ನಾನ ನಂಗೆ ಕಣೋ, ನಿಂಗಲ್ಲ.”

ಜಾಕಿ ಏಳಲಿಲ್ಲ. ಬಸಮ್ಮ ನನ್ನ ಕೈಯಿಂದ ಚೊಂಬು ತೆಗೆದುಕೊಂಡು ಮೊದಲ ನೀರನ್ನು ತಮ್ಮ ತಲೆಗೆ ಹೊಯ್ದುಕೊಂಡರು.