ಅಣ್ಣನ ಕಾಲಿನ ಬಿಗಿ

ಬೀದಿಗೆಲ್ಲ ಅವನು ಸ್ಪ್ರಿಂಗಣ್ಣ. ದೊಡ್ಡ ಡ್ರಮ್ಮನ್ನು ಕಾಲಿನಿಂದ ಬಾರಿಸುವ ಹಳೆಯ ಪೆಡಲ್‌ಗಳನ್ನು ರಿಪೇರಿ ಮಾಡಿ, ಬಾರಿಸುವವರ ಕಾಲಿಗೆ ಹೊಂದಿಸಿಕೊಡುವುದು ಅವನ ಕಸುಬು. ಎಂಥ ದೊಡ್ಡ ಮನುಷ್ಯ ಬಂದರೂ ಸ್ಟೂಲಿನ ಮೇಲೆ ಕೂರಿಸಿ, ತುಳಿಸಿ ನೋಡದೆ ಸ್ಪ್ರಿಂಗ್ ಬಿಗಿಯುತ್ತಿರಲಿಲ್ಲ.

ಬ್ಯಾಂಡಿನಲ್ಲಿ ಡ್ರಮ್ ಬಾರಿಸುತ್ತಿದ್ದ ಅವನ ಅಣ್ಣ ಸತ್ತ ಮೇಲೆ, ಅತ್ತಿಗೆ ಗಂಡನ ಪೆಡಲ್ ತಂದು ಸ್ಪ್ರಿಂಗಣ್ಣನ ಮೇಜಿನ ಮೇಲಿಟ್ಟಳು. ಅಪ್ಪನ ಜಾಗದಲ್ಲಿ ಇನ್ನು ಮಗಳು ಕೂರಬೇಕಿತ್ತು. ಭಾನುವಾರದ ಕಾರ್ಯಕ್ರಮ ಕೆಟ್ಟರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆಂದು ಬ್ಯಾಂಡಿನವರು ಮುಖಕ್ಕೇ ಹೇಳಿದ್ದರು. ಸ್ಪ್ರಿಂಗಣ್ಣ ಅಳಲಿಲ್ಲ. ತುಕ್ಕು ಉಜ್ಜಿದ, ಹರಿದ ಚರ್ಮದ ಪಟ್ಟಿ ಬದಲಿಸಿದ, ಸ್ಪ್ರಿಂಗ್ ಬಿಗಿದ. ಯಾರನ್ನೂ ಕೂರಿಸಿ ತುಳಿಸದೆ ಬಿಗಿದದ್ದು ಅದೊಂದನ್ನೇ.

ಭಾನುವಾರ ಬೆಳಿಗ್ಗೆ ಹುಡುಗಿ ಬಂದು ತುಳಿದಳು. ಬಡಿಯುವ ಕೋಲು ಡ್ರಮ್ಮನ್ನು ಮುಟ್ಟುವ ಮೊದಲೇ ಹಿಂದಕ್ಕೆ ಚಿಮ್ಮಿತು.

"ಏನ್ ಚಿಕ್ಕಪ್ಪ, ಆನೆ ತುಳಿಯೋಕೆ ಮಾಡಿದ್ದೀಯಾ ಇದನ್ನ?"

"ನಿಮ್ಮಪ್ಪನ ಕಾಲಿಗೆ ಬಿಗಿದುಬಿಟ್ಟೆ ಕಣೇ."

ಬಾಗಿಲಲ್ಲಿ ನಿಂತಿದ್ದ ಅತ್ತಿಗೆ ಬೀದಿಯ ಕಡೆ ತಿರುಗಿಕೊಂಡಳು. "ಅವರಿಲ್ವಲ್ಲಪ್ಪ," ಎಂದಳು.

"ಗೊತ್ತು ಅತ್ತಿಗೆ."

ಏನೂ ಆಗಿಲ್ಲ ಎನ್ನುವವನಂತೆ ಅವನು ಸ್ಪ್ಯಾನರ್ ತೆಗೆದುಕೊಂಡು ನೆಲದ ಮೇಲೆ ಕೂತ. ನಟ್ಟು ತುಸು ಸಡಿಲಿಸಿದ.

"ತುಳಿ."

"ಇನ್ನೊಂಚೂರು ಚಿಕ್ಕಪ್ಪ."

ಮತ್ತೆ ಸಡಿಲಿಸಿದ. ಅಣ್ಣನ ಬಿಗಿ ಪೂರ್ತಿ ಹೋದ ಮೇಲೆ ಡ್ರಮ್ಮು ದಢ್ ಎಂದಿತು. ಹುಡುಗಿ ಮತ್ತೆ ಮತ್ತೆ ತುಳಿದು ನೋಡಿ, "ಈಗ ನನ್ ಮಾತು ಕೇಳತ್ತೆ," ಎಂದಳು.

ಅವನು ನಟ್ಟು ಭದ್ರಮಾಡಿ, ಪೆಡಲ್ ಅವಳ ಕೈಗೆ ಕೊಟ್ಟ.

"ಹೊರಡಿ, ಹೊತ್ತಾಯ್ತು."