ಮೀನಿನ ಪಾಲಿನ ಸಿಹಿನೀರು

ಇದನ್ನು ಬರೆಯಲೆಂದು ಎಷ್ಟೋ ಸಲ ಕಾಗದ ತೆಗೆದು, ಬೇರೆ ಕೆಲಸ ನೆನಪಾಯಿತೆಂದು ಎದ್ದು ಹೋಗಿದ್ದೇನೆ.

ನವಲಗುಂದ ತಾಲೂಕಿನ ಒಂದು ಹೈಸ್ಕೂಲು, ಎಪ್ಪತ್ತರ ದಶಕ. ಗಾಜಿನ ತೊಟ್ಟಿಯಲ್ಲಿ ಮೀನೊಂದು ಮಗ್ಗುಲಾಗಿ ತೇಲುತ್ತಿತ್ತು, ಉಳಿದವು ಮೇಲೆ ಬಂದು ಬಾಯಿ ಬಿಡುತ್ತಿದ್ದವು. ವಿಜ್ಞಾನದ ಮಾಸ್ತರರು ಕಾರವಾರದಿಂದ ಸಮುದ್ರದ ನೀರಿನ ಸಮೇತ ತಂದ ಮೀನುಗಳವು. ನೀರು ಆರಿದರೂ ಉಪ್ಪು ಉಳಿಯುತ್ತದೆ, ಆದ್ದರಿಂದ ಆರಿದಷ್ಟನ್ನು ಕೆರೆಯ ಸಿಹಿನೀರಿನಿಂದಲೇ ತುಂಬಬೇಕೆಂದು ಅವರ ಅಪ್ಪಣೆ. ಅಂದು ಅಳೆದು ನೋಡಿದರೆ ಉಪ್ಪು ವಿಪರೀತ ಏರಿತ್ತು.

ಅವರು ಕೆರೆ ನೀರು ಹೊತ್ತು ತರುವವಳನ್ನು ಕರೆಸಿದರು.

"ಕೆರಿ ದೂರ ಅಂತ ಬಾವಿ ನೀರು ತಂದಿ ಏನಬೇ?"

"ನನ್ನ ನೀರಾಗ ಬ್ಯಾಳಿ ಬೇಯಲಿಲ್ಲಂತ ಯಾರರ ಅಂದಾರೇನ್ರಿ, ಸರ? ಊರಾಗ ಕೇಳಿ ನೋಡ್ರಿ."

ಬಾವಿಯ ಉಪ್ಪುಪ್ಪಾದ ನೀರಿನಲ್ಲಿ ಬೇಳೆ ಬೇಯುವುದಿಲ್ಲ; ಆಕೆಯ ನೀರಿನ ಬಗ್ಗೆ ಯಾರೂ ಹಾಗೆ ಅಂದಿರಲಿಲ್ಲ. ನಮ್ಮ ಮನೆಯಲ್ಲಂತೂ ಬೇಳೆ ಬೆಣ್ಣೆಯಂತೆ ಬೇಯುತ್ತಿತ್ತು. ಪ್ರಯೋಗಶಾಲೆಯ ಸಹಾಯಕನಾಗಿದ್ದ ನಾನು ಆಕೆ ತೊಟ್ಟಿಗೆಂದು ತಂದ ಕೊಡವನ್ನು ಮನೆಗೆ ಸಾಗಿಸಿ, ತೊಟ್ಟಿಗೆ ಶಾಲೆಯ ಬಾವಿಯ ಸವಳು ನೀರು ಸುರಿಯುತ್ತಿದ್ದೆ. ಸಮುದ್ರದ ಮೀನಿಗೆ ಉಪ್ಪು ನೀರೇ ಹಿತವೆಂದು ನಾನು ಮ್ಯಾಟ್ರಿಕ್ ಪಾಸಾದ ತಲೆಯಿಂದಲೇ ಯೋಚಿಸಿದ್ದೆ.

ಆಕೆಯನ್ನು ಕೆಲಸದಿಂದ ಬಿಡಿಸಿದರು. ಮರುದಿನದಿಂದ ಮಾಸ್ತರರು ತಾವೇ ಸೈಕಲ್ಲಿನ ಮೇಲೆ ಕೆರೆ ನೀರು ತಂದರು. ಉಳಿದ ಮೀನುಗಳು ಚೇತರಿಸಿಕೊಂಡವು. ಅದರಿಂದ ಆಕೆಯ ತಪ್ಪು ಎಲ್ಲರಿಗೂ ಖಾತ್ರಿಯಾಯಿತು.

ಆಮೇಲೂ ಬಹಳ ವರ್ಷ ಆಕೆ ಕೊಡ ಹೊತ್ತು ನಮ್ಮ ಮನೆಯ ಮುಂದೆಯೇ ಹಾಯುತ್ತಿದ್ದಳು. "ಆರಾಮ ಅದೀರೇನ್ರಿ?" ಎಂದು ಕೇಳುತ್ತಿದ್ದಳು. ಆರಾಮ ಎನ್ನುತ್ತಿದ್ದೆ, ಅಷ್ಟೇ. ಆಕೆಯ ಹೆಸರು ಫಕೀರವ್ವ.